ವೃದ್ಧಾಶ್ರಮದಲ್ಲಿ ಹಿರಿಯರು ಬಿದ್ದಾಗ ಸಿಬ್ಬಂದಿ ಸುದ್ದಿ ಮುಟ್ಟಿಸುವ ಬಗೆ

ವೃದ್ಧಾಶ್ರಮದಲ್ಲಿ ಹಿರಿಯರೊಬ್ಬರು ಬಿದ್ದರೆ ಅವಸರದಲ್ಲಿ ಎತ್ತಿ ಕೂರಿಸದೆ, ಪ್ರಜ್ಞೆ, ಉಸಿರಾಟ, ರಕ್ತಸ್ರಾವ ಮತ್ತು ಕೈಕಾಲುಗಳ ಚಲನೆಯನ್ನು ನೋಡಿಕೊಂಡು ಪಾಳಿಯ ನರ್ಸ್‌ಗೆ ತಿಳಿಸಬೇಕು. ಪ್ರಜ್ಞೆ ತಪ್ಪಿದ್ದರೆ ಮೊದಲು 108ಕ್ಕೆ ಕರೆ ಮಾಡಬೇಕು.

ಘಟನಾ ಪುಸ್ತಕದಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. ‘ಕಾಲು ಜಾರಿ ಬಿದ್ದರು’ ಎಂಬುದು, ಯಾರೂ ನೋಡಿಲ್ಲದಿದ್ದರೆ, ಬರೀ ಊಹೆ, ‘ಬೆಳಗಿನ 5.40ಕ್ಕೆ ಬಚ್ಚಲುಮನೆಯ ಬಾಗಿಲ ಬಳಿ ಎಡ ಮಗ್ಗುಲಾಗಿ ಬಿದ್ದಿದ್ದರು, ನೆಲ ಒದ್ದೆಯಿತ್ತು, ಎಡ ಹುಬ್ಬಿನ ಮೇಲೆ ಸುಮಾರು 2 ಸೆಂ.ಮೀ. ಗಾಯವಿತ್ತು’ ಎಂಬುದು ದಾಖಲೆ. ಬರೆದವರ ಸಹಿ ಮತ್ತು ಸಮಯ ಇರಲಿ. ತಪ್ಪಾದರೆ ವೈಟ್ನರ್ ಹಚ್ಚದೆ ಒಂದು ಗೆರೆ ಎಳೆದು ತಿದ್ದಿ.

ತಲೆಗೆ ಪೆಟ್ಟು ಬಿದ್ದಿರುವ ಶಂಕೆಯಿದ್ದು ಅವರು ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿದ್ದರೆ, ಅದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಮಿದುಳಿನ ಹೊದಿಕೆಯಡಿಯ ರಕ್ತಸ್ರಾವದ ಲಕ್ಷಣಗಳು ಕೆಲವೊಮ್ಮೆ ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ, ಹೊಸ ಮಂಪರು, ಗೊಂದಲ ಅಥವಾ ವಾಂತಿಯ ಮೇಲೆ ಕಣ್ಣಿಡುವಂತೆ ಮುಂದಿನ ಪಾಳಿಯವರಿಗೆ ಹಾಸಿಗೆಯ ಪಕ್ಕದಲ್ಲೇ ನಿಂತು ತಿಳಿಸಿ. ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಾ ಹೇಳಿದ ಮಾತು ಅಲ್ಲೇ ಉಳಿಯುತ್ತದೆ.

ಗಾಯದ ಫೋಟೊವನ್ನು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕಬಾರದು. ಮನೆಯವರಿಗೆ ಜವಾಬ್ದಾರಿಯುತರೊಬ್ಬರೇ ಅದೇ ದಿನ ಫೋನ್ ಮಾಡಿ, ‘ನಿಮ್ಮ ತಾಯಿಯವರು ಬೆಳಿಗ್ಗೆ ಬಿದ್ದಿದ್ದರು, ಈಗ ಮಾತನಾಡುತ್ತಿದ್ದಾರೆ, ವೈದ್ಯರು ಬರುತ್ತಿದ್ದಾರೆ’ ಎಂದು ನೇರವಾಗಿ ಹೇಳಬೇಕು.