‘ಹಾಡಾಂವ ಅಲ್ರೀ, ಹೊಲ ಮಾಡಾಂವ’

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಜನರ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಸೋಮವಾರ ಅಂತೂ ಟಪಾಲಿನವರು ತಂದು ಸುರಿಯುತ್ತಾರೆ. ಅರ್ಜಿಯ ಫೋಟೋ ಹಾಕಿದರೆ ನಾಲ್ಕು ಸಾಲಿನಲ್ಲಿ ಸಾರಾಂಶ ಕೊಡುವ ಎಐ ಆ್ಯಪ್ ಒಂದು ಕೈಗೆ ಸಿಕ್ಕಾಗ ನಾವ್ಯಾರೂ ಬೇಡ ಅನ್ನಲಿಲ್ಲ. ಸ್ವಂತ ಫೋನಿನಲ್ಲೇ ಶುರು ಮಾಡಿದೆವು. ಯಾರನ್ನೂ ಕೇಳಲಿಲ್ಲ.

ಮೂರು ವಾರದ ಮೇಲೆ ವಯಸ್ಸಾದ ಅರ್ಜಿದಾರರೊಬ್ಬರು ಬಂದು ತಮ್ಮ ಅರ್ಜಿ ಏನಾಯ್ತು ಅಂತ ಕೇಳಿದರು. ಹುಡುಕಿದೆವು. ಅದು ಸಂಸ್ಕೃತಿ ಇಲಾಖೆಗೆ ಹೋಗಿತ್ತು! ‘ಲಾವಣಿ ಕಲಾವಿದರು, ಸಹಾಯಧನ ಕೇಳಿದ್ದಾರೆ’ ಅಂತ ಆ್ಯಪ್ ಬರೆದಿತ್ತು. ನಾನು ಮೂಲ ಅರ್ಜಿ ಓದದೆ ಮುಂದೆ ಕಳಿಸಿದ್ದೆ. ಅವರು ನಕ್ಕರು: “ಸಾಹೇಬ್ರ, ನಾ ಹಾಡಾಂವ ಅಲ್ರೀ, ಹೊಲ ಮಾಡಾಂವ.” ನಮ್ಮ ಕಡೆ ಲಾವಣಿ ಅಂದರೆ ಹೊಲ ಗುತ್ತಿಗೆಗೆ ಹಿಡಿಯುವುದು. ಬೆಳೆ ಪರಿಹಾರದ ದುಡ್ಡು ಹೊಲದ ಮಾಲೀಕರ ಖಾತೆಗೆ ಹೋಗಿದೆ ಎನ್ನುವುದು ಅವರ ದೂರು. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಆಮೇಲೆ ಶಿರಸ್ತೇದಾರರ ಜೊತೆ ಕೂತು, ಕಚೇರಿಯಲ್ಲಿ ಎಐ ಹೇಗೆ ಬಳಸಬೇಕು ಅಂತ ಒಂದೇ ಪುಟದ ಜ್ಞಾಪನ ಬರೆದೆವು. ಮೊದಲ ಸಾಲಿಗೇ ಜಗಳ. ಹೆಸರು, ಆಧಾರ್, ಫೋನ್, ಬ್ಯಾಂಕ್ ಖಾತೆ ಹೊರಗಿನ ಆ್ಯಪ್‌ಗೆ ಹಾಕಬಾರದು ಅಂದಾಗ ಎಲ್ಲರೂ ಒಪ್ಪಿದರು. ಸರ್ವೆ ನಂಬರೂ ಬೇಡ ಅಂದಾಗ ಸಿಡಿಮಿಡಿ. ಆದರೆ ಊರು, ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪಹಣಿ ನೋಡಿ ಮಾಲೀಕರ ಹೆಸರು ತೆಗೆಯಬಹುದಲ್ವಾ? ಹೆಸರು ಅಳಿಸಿ ನಂಬರ್ ಬಿಟ್ಟರೆ ಏನೂ ಅಳಿಸಿದಂತಾಗಲ್ಲ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಕಚೇರಿ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವು ಬೇಡ ಅಂತ ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಹೇಳಿತ್ತು. ನಾವು ಅಷ್ಟು ದೂರ ಹೋಗಲಿಲ್ಲ. ಸುತ್ತೋಲೆಯ ಕರಡು, ಇಂಗ್ಲಿಷ್ ಆದೇಶದ ಅನುವಾದ ಇಂಥದ್ದಕ್ಕೆ ಎಐ ಬಳಸಲು ಬಿಟ್ಟೆವು. ಪೂರ್ತಿ ನಿಷೇಧಿಸಿದರೆ ಜನ ಮೇಜಿನ ಕೆಳಗೆ ಫೋನ್ ಹಿಡಿದು ಬಳಸುತ್ತಾರೆ, ಅಷ್ಟೇ.

ಎರಡನೆಯದು, ಎಐ ನೆರವು ಪಡೆದರೆ ಟಿಪ್ಪಣಿ ಹಾಳೆಯಲ್ಲಿ ಹಾಗಂತ ಬರೆದು, ಮೂಲದೊಂದಿಗೆ ಹೋಲಿಸಿ ನೋಡಿದವರು ಸಹಿ ಮಾಡಬೇಕು. “ಇದು ತಪ್ಪೊಪ್ಪಿಗೆ ಬರೆದುಕೊಟ್ಟಂಗ ಆತಲ್ರೀ ಸರ” ಅಂದರು ಒಬ್ಬರು. ಮಾಹಿತಿ ಹಕ್ಕಿನಲ್ಲಿ ನಾಳೆ ಆ ಹಾಳೆಯನ್ನೇ ಯಾರಾದರೂ ಕೇಳಬಹುದು. 2000ದಲ್ಲಿ ಪಹಣಿ ಕಂಪ್ಯೂಟರಿಗೆ ಹೋದ ಕಾಲದಲ್ಲೂ ಭೂಮಿ ತಂತ್ರಾಂಶದ ಒಳಗೆ ಹೋಗಲು ಸಿಬ್ಬಂದಿ ಬೆರಳಚ್ಚು ಕೊಡಬೇಕಿತ್ತು. ಯಾರು ತಿದ್ದಿದರು ಅಂತ ತಿಳಿಯಲಿ ಅಂತಲೇ ಅಲ್ವಾ? ಅದನ್ನು ನೆನಪಿಸಿದ ಮೇಲೆ ಅವರೂ ಸುಮ್ಮನಾದರು.

ಅರ್ಜಿ ತಿರಸ್ಕರಿಸುವ ಹಿಂಬರಹಕ್ಕೆ, ಅಂದರೆ ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರಕ್ಕೆ, ಮಾತ್ರ ಎಐ ಮುಟ್ಟಲೇಬಾರದು. ಇಲ್ಲಿ ನಾನು ಹಟ ಹಿಡಿದೆ. ಆಸ್ಟ್ರೇಲಿಯಾದಲ್ಲಿ 2015ರಿಂದ ಕಂಪ್ಯೂಟರ್ ಲೆಕ್ಕ ನಂಬಿ, ವರ್ಷದ ಆದಾಯವನ್ನು ಸರಾಸರಿ ಮಾಡಿ, ಸರ್ಕಾರದ ನೆರವು ಪಡೆದಿದ್ದ ಬಡವರಿಗೆ ‘ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ’ ಅಂತ ನೋಟಿಸ್ ಕಳಿಸಿದ್ದರು. ಅದು ಎಐ ಕೂಡ ಅಲ್ಲ, ಬರೀ ಲೆಕ್ಕ. ಕಾನೂನಿಗೆ ವಿರುದ್ಧ ಅಂತ ಕೊನೆಗೆ ಸಾಬೀತಾಯಿತು.

ಹಳೆಯ ಅರ್ಜಿಗಳನ್ನು ಹೆಸರು, ಊರು, ನಂಬರ್ ಬದಲಿಸಿ ಟೈಪ್ ಮಾಡಿ ಆ್ಯಪ್‌ಗೆ ಕೊಟ್ಟು ನೋಡಿದೆವು. ‘ಎರಿ ಹೊಲ’ ಅಂದರೆ ಕಪ್ಪು ಮಣ್ಣಿನ ಹೊಲ, ಅದಕ್ಕೆ ಕೆರೆಯ ಏರಿ ಅಂತ ಕಂಡಿತು. ‘ಕೋರಿಗೆ ಮಾಡೀನಿ’ ಅಂದರೆ ಪಾಲಿಗೆ ಮಾಡಿದ್ದೇನೆ ಅಂತ. ಅದು ಕೋರಿಕೆ ಎಂದುಕೊಂಡಿತು. ಇಂಥ ಮಾತುಗಳ ಪಟ್ಟಿಯೊಂದು ಈಗ ಗೋಡೆಗೆ ಅಂಟಿದೆ, ಬಂದವರೆಲ್ಲ ಒಂದೊಂದು ಸೇರಿಸುತ್ತಾರೆ.

ಆ ಹಿರಿಯರ ಅರ್ಜಿಯನ್ನು ವಾಪಸ್ ತರಿಸಿ ಸರಿಯಾದ ಶಾಖೆಗೆ ಕಳಿಸಿದೆ. ಪಹಣಿಯಲ್ಲಿ ಅವರ ಹೆಸರಿಲ್ಲ, ಪರಿಹಾರ ಸಿಗಲಿಲ್ಲ. ಹಿಂಬರಹವನ್ನು ನಾನೇ ಕೂತು ಬರೆದೆ.