ಅವರು ನಮಗೇನಾಗಬೇಕು? ವರಸೆ ಹಿಡಿಯುವ ಬಗೆ

ಮದುವೆಮನೆಯಲ್ಲಿ ಹಿರಿಯರೊಬ್ಬರನ್ನು ತೋರಿಸಿ, "ಇವರು ನಿಮ್ಮಜ್ಜನ ತಂಗಿಯ ಮಗ, ನಮಸ್ಕಾರ ಮಾಡು" ಎಂದರೆ ಮಕ್ಕಳು ನಮಸ್ಕರಿಸುತ್ತಾರೆ. ಏನೆಂದು ಕರೆಯಬೇಕೆಂದು ತಿಳಿಯದೆ 'ಅಂಕಲ್' ಎಂದುಬಿಡುತ್ತಾರೆ. ನಮ್ಮ ಸಂಬಂಧದ ಹೆಸರುಗಳಿಗೆ ಬಿಗಿಯಾದ ಕ್ರಮವೊಂದಿದೆ. ಅದನ್ನು ಹಿಡಿದರೆ ದೂರದ ನೆಂಟರ ವರಸೆಯನ್ನೂ ಬಿಡಿಸಬಹುದು.

ಮೊದಲು, ಎರಡು ಮನೆಗಳ ಕವಲು ಎಲ್ಲಿ ಒಡೆಯಿತೋ ಅಲ್ಲಿರುವ ಒಡಹುಟ್ಟಿದವರ ಜೋಡಿಯನ್ನು ಹುಡುಕಬೇಕು. ಅವರು ಅಣ್ಣತಮ್ಮಂದಿರು ಅಥವಾ ಅಕ್ಕತಂಗಿಯರಾಗಿದ್ದರೆ ಅವರ ಮಕ್ಕಳು ಪರಸ್ಪರ ಅಣ್ಣ, ತಮ್ಮ, ಅಕ್ಕ, ತಂಗಿಯರಾಗುತ್ತಾರೆ. ಜೋಡಿಯಲ್ಲಿ ಒಬ್ಬರು ಗಂಡು, ಇನ್ನೊಬ್ಬರು ಹೆಣ್ಣಾಗಿದ್ದರೆ ಮಕ್ಕಳದು ಭಾವ, ಮೈದುನ, ಅತ್ತಿಗೆ, ನಾದಿನಿಯರ ವರಸೆ. ಚಿಕ್ಕಪ್ಪನ ಮಗಳು ತಂಗಿಯಾಗುವುದಕ್ಕೂ, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮ ಅನೇಕ ಸಮುದಾಯಗಳಲ್ಲಿ ಇರುವುದಕ್ಕೂ ಈ ಭೇದವೇ ಆಧಾರ. 'ಕಸಿನ್' ಎಂಬ ಮಾತು ಈ ಎರಡನ್ನೂ ಕಲಸಿಬಿಡುತ್ತದೆ. ವರಸೆ ಹುಡುಕುವಾಗ ಅದನ್ನು ಬದಿಗಿಡಬೇಕು.

ಬಳಿಕ ಒಂದೊಂದೇ ತಲೆಮಾರು ಕೆಳಗಿಳಿಯಬೇಕು. ಮೇಲಿನ ಹಿರಿಯರನ್ನೇ ತೆಗೆದುಕೊಳ್ಳೋಣ. ಅಜ್ಜ ಮತ್ತು ಅವರ ತಂಗಿ ಗಂಡು-ಹೆಣ್ಣಿನ ಜೋಡಿಯಾದ್ದರಿಂದ ನಮ್ಮ ತಂದೆಗೂ ಆ ತಂಗಿಯ ಮಗನಿಗೂ ಭಾವ-ಮೈದುನರ ವರಸೆ. ತಂದೆಗೆ ಭಾವನೋ ಮೈದುನನೋ ಆಗುವವರು ನಮಗೆ ಮಾವ. ಅವರ ಮಗ ನಮಗಿಂತ ಹಿರಿಯನಾದರೆ ಭಾವ. ಆದರೆ ಅಜ್ಜನ ತಂಗಿಗೆ ಮಗನ ಬದಲು ಮಗಳಿದ್ದರೆ ಲೆಕ್ಕವೇ ತಿರುಗುತ್ತದೆ: ಆಕೆ ತಂದೆಗೆ ಅತ್ತಿಗೆ ಅಥವಾ ನಾದಿನಿಯ ವರಸೆ, ಅಂದರೆ ನಮಗೆ ತಾಯಿಯ ಸಮಾನ, ಹೀಗಾಗಿ ಆಕೆಯ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಕೆಲವು ಮನೆಗಳಲ್ಲಿ ಬಾಯಿಮಾತಿಗೆ ಆಕೆಯನ್ನು ಅತ್ತೆ ಎಂದು ಕರೆದರೂ ವರಸೆ ಮಾತ್ರ ಹೀಗೆಯೇ.

ದೊಡ್ಡಪ್ಪ, ಚಿಕ್ಕಪ್ಪ ಎಂಬಲ್ಲಿ ಹೋಲಿಸಬೇಕಾದದ್ದು ತಂದೆಯ ವಯಸ್ಸನ್ನು, ನಮ್ಮದನ್ನಲ್ಲ. ನಮಗಿಂತ ಎರಡು ವರ್ಷ ಚಿಕ್ಕ ಹುಡುಗನೂ ಚಿಕ್ಕಪ್ಪನಾಗಬಹುದು. ಧಾರವಾಡದ ಕಡೆ ಅವನೇ ಕಾಕಾ. ಹೆಂಡತಿಯ ಅಕ್ಕತಂಗಿಯರ ಗಂಡಂದಿರು ನಮಗೆ ಷಡ್ಡಕರು. ತಾಯಂದಿರು ಒಡಹುಟ್ಟಿದವರಾದ್ದರಿಂದ ಷಡ್ಡಕನ ಮಕ್ಕಳಿಗೆ ನಾವು ದೊಡ್ಡಪ್ಪ ಅಥವಾ ಚಿಕ್ಕಪ್ಪ.

ತೊಡಕಾಗುವುದು ಸಂಬಂಧದೊಳಗೇ ಮದುವೆಗಳಾದಾಗ. ಸೋದರಮಾವ ನಮ್ಮ ಅಕ್ಕನನ್ನೇ ಮದುವೆಯಾಗಿದ್ದರೆ ಆತ ಮಾವನೂ ಹೌದು, ಭಾವನೂ ಹೌದು. ಅವರ ಮಗ ಮಾವನ ಕಡೆಯಿಂದ ಮೈದುನ, ಅಕ್ಕನ ಕಡೆಯಿಂದ ಸೋದರಳಿಯ. ಇಂಥಲ್ಲಿ ಒಂದನ್ನು ಅಳಿಸಬೇಡಿ, ಎರಡು ದಾರಿಯನ್ನೂ ಬರೆದಿಡಿ. ಕರೆಯುವಾಗ ಸಾಮಾನ್ಯವಾಗಿ ಮದುವೆಗೆ ಮೊದಲಿನ ಹೆಸರೇ ಉಳಿಯುತ್ತದೆ.

ಇದನ್ನೆಲ್ಲ ಬರೆಯುವಾಗ ಕಳೆದುಹೋಗುವವರು ಮದುವೆಯಾಗಿ ಹೊರಟ ಹೆಣ್ಣುಮಕ್ಕಳೇ. ಅಜ್ಜಿಯ ಪಕ್ಕದಲ್ಲಿ ಕುಳಿತು "ನಿಮ್ಮ ತವರಿನಲ್ಲಿ ಎಷ್ಟು ಜನ ಹುಟ್ಟಿದಿರಿ, ಯಾರನ್ನು ಯಾವ ಊರಿಗೆ ಕೊಟ್ಟರು?" ಎಂದು ಕೇಳಿ, ಪ್ರತಿಯೊಬ್ಬರ ಹೆಸರಿನ ಮುಂದೆ ಹುಟ್ಟಿದ ಊರು, ಸೇರಿದ ಊರು ಎರಡನ್ನೂ ಗುರುತು ಮಾಡಿಕೊಳ್ಳಿ. ಟ್ರಂಕಿನ ತಳದಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ಅದನ್ನೂ ತೆಗೆಸಿ: ಅರಿಸಿನ ಹಚ್ಚಿದ ಆ ಹಾಳೆಯ ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ, ಅಜ್ಜಿಗೂ ನೆನಪಾಗದ ಹೆಸರುಗಳು ಸಿಗುತ್ತವೆ.