ಹಿತ್ತಲ ಹಣ್ಣಿನ ಮರದ ಎಲೆರೋಗ: ಯಾವಾಗ, ಏನು, ಎಷ್ಟು ಸಿಂಪಡಿಸಬೇಕು

ಎಲೆಯ ಮೇಲೆ ಒಮ್ಮೆ ಬಿದ್ದ ಚುಕ್ಕೆ ಯಾವ ಔಷಧಿ ಹೊಡೆದರೂ ಮಾಯವಾಗುವುದಿಲ್ಲ. ತಾಮ್ರ, ಗಂಧಕದಂಥವು ಎಲೆಯ ಮೇಲ್ಮೈಯಲ್ಲಿ ಕೂತು ರೋಗ ಹರಡುವ ಶಿಲೀಂಧ್ರದ ಹೊಸ ಬೀಜಕಣಗಳು ಮೊಳೆಯದಂತೆ ತಡೆಯುತ್ತವೆ, ಅಷ್ಟೆ. ಆದ್ದರಿಂದ ಸಿಂಪಡಣೆಯ ಕಾಲವನ್ನು ಚಿಗುರು ನೋಡಿ ಗೊತ್ತುಮಾಡಬೇಕು. ಪೀಚ್ ಗಿಡದ ಎಲೆ ಮುರುಟು ರೋಗದಲ್ಲಂತೂ ಮೊಗ್ಗು ಉಬ್ಬುವ ಮೊದಲೇ ತಾಮ್ರ ಹೊಡೆಯಬೇಕು. ಎಲೆ ಮುರುಟಿದ ಮೇಲೆ ಹೊಡೆದರೆ ಆ ವರ್ಷಕ್ಕೆ ಏನೂ ಉಪಯೋಗವಿಲ್ಲ.

ಮೊದಲು ಎಲೆಯನ್ನು ಮಗುಚಿ ನೋಡಿ. ಮಾವಿನ ಎಳೆ ಎಲೆಯಲ್ಲಿ ಕಂದು-ಕಪ್ಪು ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು, ಒಣಗಿ, ತೂತು ಬಿದ್ದಿದ್ದರೆ ಅದು ಚಿಬ್ಬು ರೋಗ. ಅಂಜೂರದ ಎಲೆಯ ಅಡಿಯಲ್ಲಿ ಕೆಂಗಂದು ಪುಡಿ ಬೆರಳಿಗೆ ಹತ್ತಿದರೆ ತುಕ್ಕು ರೋಗ. ಬಿಳಿ ಹಿಟ್ಟು ಕಂಡರೆ ಬೂದಿ ರೋಗ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವ ಕಪ್ಪು ಮಸಿಗೆ ಶಿಲೀಂಧ್ರನಾಶಕ ದಂಡ: ಅದು ಜಿಗಿಹುಳು, ಹಿಟ್ಟು ತಿಗಣೆಗಳು ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುತ್ತದೆ, ಹುಳು ಹೋದರೆ ಮಸಿಯೂ ಹೋಗುತ್ತದೆ. ನಿಂಬೆ ಎಲೆಯಲ್ಲಿ ಹಳದಿ ಉಂಗುರದ ನಡುವೆ ಒರಟಾಗಿ ಉಬ್ಬಿದ ಕಜ್ಜಿ ಬ್ಯಾಕ್ಟೀರಿಯಾದ್ದು, ಶಿಲೀಂಧ್ರದ್ದಲ್ಲ.

ಔಷಧಿಗಿಂತ ಮುಂಚೆ ಕತ್ತರಿ. ಒಣಗಿದ ರೆಂಬೆಯನ್ನು ರೋಗ ಕಾಣುವ ಜಾಗದಿಂದ ಒಂದು ಗೇಣು ಕೆಳಗೆ, ಹಸಿ ಭಾಗದಲ್ಲಿ ಕತ್ತರಿಸಿ. ಮರದಿಂದ ಮರಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ನೆತ್ತಿಯ ದಟ್ಟಣೆ ಬಿಡಿಸಿದರೆ ಎಲೆ ಬೇಗ ಆರುತ್ತದೆ. ಚಿಬ್ಬು, ತುಕ್ಕು ಎರಡೂ ಹಬ್ಬಲು ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಉದುರಿದ ಎಲೆ ಗುಡಿಸಿ ಹೂತುಬಿಡಿ. ಮನೆಯ ಗೊಬ್ಬರದ ತೊಟ್ಟಿ ಬೀಜಕಣ ಸಾಯುವಷ್ಟು ಬಿಸಿಯಾಗುವುದು ಅಪರೂಪ.

ಚಿಬ್ಬು, ಎಲೆಚುಕ್ಕೆ, ತುಕ್ಕಿಗೆ ಶೇ. 1ರ ಬೋರ್ಡೋ ದ್ರಾವಣ ಇವತ್ತಿಗೂ ನಂಬಿಕಸ್ತ. 10 ಲೀಟರಿಗೆ 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 100 ಗ್ರಾಂ ಸುಟ್ಟ ಸುಣ್ಣ ಬೇಕು. ಅರಳಿದ ಸುಣ್ಣದ ಪುಡಿಯಾದರೆ 130 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ ಮೈಲುತುತ್ತ ಕರಗಿಸಿ. ಕಬ್ಬಿಣದ ಪಾತ್ರೆಯಾದರೆ ತಾಮ್ರವೆಲ್ಲ ಪಾತ್ರೆಗೇ ಹಿಡಿಯುತ್ತದೆ. ಇನ್ನೊಂದರಲ್ಲಿ ಸುಣ್ಣಕ್ಕೆ ಸ್ವಲ್ಪಸ್ವಲ್ಪ ನೀರು ಹಾಕಿ ಅರಳಿಸಿ, ತಣ್ಣಗಾದ ಮೇಲೆ 5 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸಿಂಪಡಣೆ ಯಂತ್ರದ ನಳಿಕೆ ಕಟ್ಟುವುದು ಖಂಡಿತ. ಈಗ ಮೈಲುತುತ್ತದ ನೀರನ್ನು ಸೋಸಿದ ಸುಣ್ಣದ ನೀರಿಗೆ ನಿಧಾನವಾಗಿ, ಕಲಕುತ್ತಾ ಸುರಿಯಿರಿ. ಆಕಾಶನೀಲಿ ಬಣ್ಣ ಬರುತ್ತದೆ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿಡಿ: ಕೆಂಪು ಲೇಪ ಕೂತರೆ ಹುಳಿ ಉಳಿದಿದೆ, ಎಲೆ ಸುಡುತ್ತದೆ. ಲೇಪ ಬರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಬಳಸಿ. ಮರುದಿನಕ್ಕೆ ಅದು ಗಸಿಯಾಗಿ ತಳ ಸೇರುತ್ತದೆ, ಎಲೆಗೆ ಅಂಟುವುದಿಲ್ಲ. ಇಷ್ಟು ಪುರಸೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಸಿದ್ಧ ತಾಮ್ರದ ಪುಡಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ. ಹೂ ಬಿಟ್ಟಾಗ ತಾಮ್ರ ಬೇಡ. ಪೀಚ್, ಪ್ಲಮ್ ಗಿಡಗಳಿಗೆ ಎಲೆ ಇರುವಾಗಲೂ ಬೇಡ.

ಬೂದಿ ರೋಗದ ದಾರಿಯೇ ಬೇರೆ. ಅದಕ್ಕೆ ಒದ್ದೆ ಎಲೆ ಬೇಕಿಲ್ಲ, ಒಣ ಹಗಲು ತಂಪು ರಾತ್ರಿಯಲ್ಲೇ ಹಬ್ಬುತ್ತದೆ. ನೀರಿನಲ್ಲಿ ಕರಗುವ ಗಂಧಕ (ಶೇ. 80) ಲೀಟರಿಗೆ 2 ಗ್ರಾಂ ಸಾಕು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆಯಂಚು ಸುಡುತ್ತದೆ. ಬೇವಿನೆಣ್ಣೆ ಸಿಂಪಡಿಸಿದ್ದರೆ ಕನಿಷ್ಠ ಎರಡು ವಾರ ಗಂಧಕ ಮುಟ್ಟಬೇಡಿ.

ಗಾಳಿಯಿಲ್ಲದ ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಎಲೆಯ ಅಡಿಭಾಗದಿಂದ ಶುರುಮಾಡಿ. ನೀರು ತೊಟ್ಟಿಕ್ಕುವ ಮುಂಚೆ ನಿಲ್ಲಿಸಿ. ಚಿಗುರು ಬೆರಳುದ್ದ ಆದಾಗ ಮೊದಲ ಸಲ, 12-15 ದಿನಕ್ಕೆ ಇನ್ನೊಮ್ಮೆ. ನಡುವೆ ಜೋರು ಮಳೆ ತೊಳೆದುಹೋದರೆ ದಿನ ಎಣಿಸದೆ ಮತ್ತೆ ಹೊಡೆಯಿರಿ. ಕೈಗವಸು, ಕನ್ನಡಕ ಇರಲಿ, ಮೈಲುತುತ್ತ ಕಣ್ಣಿಗೆ ಬಿದ್ದರೆ ಅಪಾಯ. ಕಾಯಿ ಇದ್ದರೆ ಪೊಟ್ಟಣದ ಮೇಲಿರುವ ಕೊಯ್ಲಿನ ಅಂತರ (ಸಿಂಪಡಿಸಿದ ಮೇಲೆ ಕೀಳಲು ಕಾಯಬೇಕಾದ ದಿನಗಳು) ಮುಗಿಯುವ ತನಕ ಕೀಳಬೇಡಿ.